ತೇಲುವ ನೆಲದ ಜಿಂಕೆ

ಇಂದು ನಾನು ಮಾತನಾಡಬೇಕೆಂದಿರುವುದು ನಮ್ಮ ದೇಶದ ಈಶಾನ್ಯ ಮೂಲೆಯಲ್ಲಿರುವ ಒಂದು ಜೌಗುಭೂಮಿಯ ಚರಿತ್ರೆಯನ್ನು ಕುರಿತು. ಚರಿತ್ರೆಯೆಂದೊಡನೆ ರಾಜರನ್ನೂ ಯುದ್ಧಗಳನ್ನೂ ನೆನೆಯುವುದು ನಮಗೆ ರೂಢಿ. ಈ ಕಥೆಯಲ್ಲಿ ರಾಜರೂ ಉಂಟು, ಯುದ್ಧವೂ ಉಂಟು. ಆದರೆ ಅವರೆಲ್ಲ ಬದಿಗೆ ಸರಿದು ನಿಂತಿದ್ದಾರೆ. ನಡುವೆ ಇರುವುದು ಒಂದು ಜಿಂಕೆ, ಅದರ ಗೊರಸಿನ ಕೆಳಗಿನ ಹುಲ್ಲಿನ ಚಾಪೆ, ಆ ಚಾಪೆಯ ಕೆಳಗಿನ ನೀರು.

ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದವನು. ಹಕ್ಕಿ ನೋಡುವ ಹವ್ಯಾಸ ಐವತ್ತು ದಾಟಿದ ಮೇಲೆ ಅಂಟಿಕೊಂಡದ್ದು. ಅದೂ ವೈದ್ಯರು ದಿನಕ್ಕೆ ಎರಡು ಮೈಲಿ ನಡೆಯಲೇಬೇಕೆಂದು ವಿಧಿಸಿದ್ದರಿಂದ. 2017ರ ಫೆಬ್ರವರಿಯಲ್ಲಿ ಮೌಖಿಕ ಕಾವ್ಯಗಳನ್ನು ಕುರಿತ ಒಂದು ವಿಚಾರ ಸಂಕಿರಣಕ್ಕೆಂದು ಮಣಿಪುರದ ರಾಜಧಾನಿ ಇಂಫಾಲಕ್ಕೆ ಹೋಗಿದ್ದೆ. ಅಲ್ಲಿ ಪರಿಚಯವಾದ ಮಣಿಪುರಿ ಅಧ್ಯಾಪಕರೊಬ್ಬರು ನನ್ನ ಚೀಲದಲ್ಲಿದ್ದ ದುರ್ಬೀನನ್ನು ನೋಡಿ ನಕ್ಕು, ಸಂಕಿರಣ ಮುಗಿದ ಮೇಲೆ ಎರಡು ದಿನ ಉಳಿದರೆ ತಮ್ಮೂರು ಮೊಯಿರಾಂಗಿಗೆ ಕರೆದೊಯ್ಯುವುದಾಗಿ ಹೇಳಿದರು. ಆ ಊರಿನ ಹೆಸರು ನನಗೆ ಹೊಸದಾಗಿರಲಿಲ್ಲ. ಅನಾಥ ಬಾಲಕನಾದ ಖಂಬ, ರಾಜವಂಶದ ಕನ್ಯೆಯಾದ ಥೋಯಿಬಿ, ಇವರಿಬ್ಬರ ಪ್ರೇಮಕಥೆ ನಡೆದದ್ದು ಆ ಊರಿನಲ್ಲಿಯೇ. ಪೇನ ಎಂಬ ಒಂಟಿ ತಂತಿಯ ವಾದ್ಯದೊಡನೆ ಗಾಯಕರು ತಲೆಮಾರುಗಳಿಂದ ಹಾಡುತ್ತ ಬಂದಿದ್ದ ಆ ಕಥೆಯನ್ನು ಹಿಜಾಮ್ ಅಂಗಾಂಘಲ್ ಎಂಬ ಕವಿ ಕಳೆದ ಶತಮಾನದ ಮೊದಲರ್ಧದಲ್ಲಿ ಮಹಾಕಾವ್ಯವಾಗಿ ಬರೆದರು. ಬಡತನದಲ್ಲಿ ಬದುಕಿ 1943ರಲ್ಲಿ ತೀರಿಕೊಂಡ ಆ ಕವಿಯನ್ನು ಕುರಿತು ಮಾತನಾಡುತ್ತಲೇ ನಾವು ಇಂಫಾಲದಿಂದ ದಕ್ಷಿಣಕ್ಕೆ ಹೊರಟೆವು.

ಮಣಿಪುರದ ನಡುಭಾಗ ಬೆಟ್ಟಗಳ ಕೋಟೆಯೊಳಗಿನ ಒಂದು ಉದ್ದನೆಯ ಬೋಗುಣಿ. ಸುತ್ತಲ ಬೆಟ್ಟಗಳಿಂದ ಇಳಿದ ತೊರೆಗಳಲ್ಲಿ ಹಲವು ಬೋಗುಣಿಯ ತಗ್ಗಿನಲ್ಲಿ ಬಂದು ಸೇರುತ್ತವೆ. ಆ ತಗ್ಗೇ ಲೋಕ್ತಾಕ್ ಸರೋವರ. 'ಲೋಕ್' ಎಂದರೆ ತೊರೆ, 'ತಾಕ್' ಎಂದರೆ ಕೊನೆ, ತೊರೆಗಳು ಕೊನೆಗೊಳ್ಳುವ ಎಡೆ ಎಂದು ನನ್ನ ಮಿತ್ರರು ಪದ ಬಿಡಿಸಿದರು. ಪದ ಬಿಡಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಪ್ರೀತಿ. ಈಶಾನ್ಯ ಭಾರತದ ಸಿಹಿನೀರಿನ ಸರೋವರಗಳಲ್ಲಿ ಇದೇ ದೊಡ್ಡದು; ಮಳೆಗಾಲ, ಬೇಸಗೆಗಳಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆಯಾದರೂ ಸುಮಾರು 280 ಚದರ ಕಿಲೋಮೀಟರ್ ಎಂದು ಹೇಳುವ ವಾಡಿಕೆ. ಇದರ ಆಗ್ನೇಯ ಅಂಚಿನಲ್ಲಿ 40 ಚದರ ಕಿಲೋಮೀಟರಿನಷ್ಟು ಜಾಗವೇ ಕೈಬುಲ್ ಲಾಮ್ಜಾವೊ ರಾಷ್ಟ್ರೀಯ ಉದ್ಯಾನ. ಜಗತ್ತಿನಲ್ಲಿ ತೇಲುವ ರಾಷ್ಟ್ರೀಯ ಉದ್ಯಾನ ಇದೊಂದೇ ಎನ್ನುತ್ತಾರೆ.

ತೇಲುವುದೆಂದರೇನು? ಇದನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ಸರೋವರದ ಮೇಲೆ ಹುಲ್ಲು, ಆಪು, ಜೊಂಡುಗಳು ಬೆಳೆದು, ಸತ್ತು, ಕೊಳೆತು, ಬೇರುಗಳೂ ಮಣ್ಣೂ ಒಂದರೊಡನೊಂದು ಹೆಣೆದುಕೊಂಡು ದಪ್ಪನಾದ ಚಾಪೆಯಾಗುತ್ತವೆ. ಅದಕ್ಕೆ ಅಲ್ಲಿಯವರು ಫುಮ್ದಿ ಎನ್ನುತ್ತಾರೆ. ಕೆಲವೆಡೆ ಅದು ಗೇಣುದ್ದ, ಕೆಲವೆಡೆ ಆಳೆತ್ತರ ದಪ್ಪ. ಐದರಲ್ಲಿ ಒಂದು ಪಾಲು ನೀರಿನ ಮೇಲಿದ್ದರೆ ನಾಲ್ಕು ಪಾಲು ನೀರಿನೊಳಗಿರುತ್ತದೆ. ಮೇಲಿನಿಂದ ನೋಡಿದರೆ ಹುಲ್ಲುಗಾವಲು. ಕಾಲಿಟ್ಟರೆ ತೂಗುಮಂಚ. ಮಿತ್ರರು ಬೇಡವೆಂದರೂ ಕೇಳದೆ ದೋಣಿಯಿಂದ ಒಂದು ಹೆಜ್ಜೆ ಇಳಿಸಿದ ನಾನು ಮೊಳಕಾಲಿನವರೆಗೆ ಹೂತುಹೋದೆ. ಅಂಬಿಗನೂ ಮಿತ್ರರೂ ಎರಡು ತೋಳುಗಳನ್ನು ಹಿಡಿದು ಎಳೆದುಕೊಂಡರು. ಎಡಗಾಲಿನ ಚಪ್ಪಲಿ ಇಂದಿಗೂ ಲೋಕ್ತಾಕಿನಲ್ಲಿಯೇ ಇದೆ.

ಅಂದು ನಾವು ಬೆಳಗಿನ ಜಾವಕ್ಕೆ ಮುಂಚೆಯೇ ಹೊರಟಿದ್ದೆವು. ಮೊಯಿರಾಂಗಿನಿಂದ ಉದ್ಯಾನದ ಬಾಗಿಲಿಗೆ ಹೆಚ್ಚು ದೂರವಿಲ್ಲ. ಹುಲ್ಲಿನ ನಡುವೆ ಸೀಳಿದ ಕಾಲುವೆಗಳಲ್ಲಿ ಸಪೂರವಾದ ದೋಣಿ; ಕಣ್ಣೆದುರು ಹತ್ತು ಮಾರಿನಾಚೆ ಏನೂ ಕಾಣದಂತೆ ಮಂಜು. ಮಂಜು ಇದ್ದಾಗ ಹಕ್ಕಿ ನೋಡುವವನು ಕಣ್ಣನ್ನು ಬಿಟ್ಟು ಕಿವಿಯನ್ನು ನಂಬಬೇಕು. ಮೊದಲು ಶಿಳ್ಳೆಬಾತುಗಳ ಸಿಳ್ಳು, ತಲೆಯ ಮೇಲೆಯೇ, ಬಹಳ ಕೆಳಗೆ. ಆಮೇಲೆ ಜೊಂಡಿನೊಳಗಿನಿಂದ ಜಂಬುಕೋಳಿಗಳ ಜಗಳ. ಬೆಳಕು ಹರಿಯುತ್ತ ಬಂದಂತೆ ನೀರು ತೆರವಾಗಿರುವ ಕಡೆಗಳಲ್ಲಿ ಸೂಜಿಬಾಲದ ಬಾತುಗಳು ಕಂಡವು. ಉತ್ತರದ ಹಿಮದ ನಾಡುಗಳಿಂದ ಚಳಿಗಾಲಕ್ಕೆ ಬಂದವು. ಕಂಚಿನ ರೆಕ್ಕೆಯ ದೇವನಕ್ಕಿಯೊಂದು ನಮ್ಮನ್ನು ಲೆಕ್ಕಿಸದೆ ಎಲೆಯಿಂದೆಲೆಗೆ ಕಾಲಿಡುತ್ತ ಹೋಯಿತು; ನನಗೆ ಸಾಧ್ಯವಾಗದ ನಡಿಗೆ ಅದಕ್ಕೆ ಸಲೀಸು. ಜೌಗು ಸೆಳೆವವೊಂದು ಹುಲ್ಲಿನ ತುದಿ ತಾಗುವಂತೆ ಹಾರಿದಾಗ ಬಾತುಗಳೆಲ್ಲ ಒಮ್ಮೆಗೇ ಎದ್ದು, ಒಂದು ಸುತ್ತು ಹಾಕಿ, ಮತ್ತೆ ಇಳಿದವು.

ಒಂದು ಜೋಡಿ ಹಕ್ಕಿಗಳನ್ನು ಮಾತ್ರ ನಾನು ಮರೆಯಲಾರೆ. ಕಾವಿ ಬಣ್ಣದ ಮೈ, ಮಾಸಲು ತಲೆ. ಒಂದು 'ಆಂಗ್' ಎಂದರೆ ಇನ್ನೊಂದು ಮರುಕ್ಷಣವೇ 'ಆಂಗ್' ಎನ್ನುತ್ತಿತ್ತು. ಅವು ಚಕ್ರವಾಕಗಳು. ಇರುಳಿನಲ್ಲಿ ಅಗಲಿ ಕೊರಗುವ ಈ ಜೋಡಿಯನ್ನು ನಾನು ನೂರಾರು ವಿದ್ಯಾರ್ಥಿಗಳಿಗೆ ವರ್ಣಿಸಿದ್ದೇನೆ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ್ದೇನೆ. ಆದರೆ ಅದರ ದನಿಯನ್ನು ಅಂದು ಮೊದಲ ಬಾರಿ ಕೇಳಿದೆ. ಅದರಲ್ಲಿ ವಿರಹದ ಇಂಪು ಎಳ್ಳಷ್ಟೂ ಇರಲಿಲ್ಲ. ಹಳೆಯ ಬಾಗಿಲಿನ ಕಿರುಗುಟ್ಟುವಿಕೆಗೆ ಹತ್ತಿರದ್ದು. ಕವಿಸಮಯವನ್ನು ಕಟ್ಟಿದವರು ಇರುಳೆಲ್ಲ ನಡೆಯುವ ಈ ಕೂಗು-ಮರುಕೂಗನ್ನು ಕೇಳಿಯೇ ಕಟ್ಟಿರಬೇಕು ಎಂದು ನನಗೆ ತೋರಿತು. ಪುಸ್ತಕದಿಂದ ಹಕ್ಕಿಯ ಕಡೆಗೆ ಹೋಗಲು ನನಗೆ ಐವತ್ತೈದು ವರ್ಷ ಬೇಕಾಯಿತು.

ಉದ್ಯಾನದೊಳಗೆ ಪಾಬೋಟ್, ತೋಯಾ, ಚಿಂಗ್ಜಾವೊ ಎಂಬ ಮೂರು ಗುಡ್ಡಗಳಿವೆ. ಮಳೆಗಾಲದಲ್ಲಿ ನೀರೇರಿದಾಗ ದೊಡ್ಡ ಪ್ರಾಣಿಗಳಿಗೆ ಆಸರೆ ಇವೇ. ಪಾಬೋಟಿನ ಮೇಲಿನ ಗೋಪುರ ಹತ್ತಿ ನಾವು ಕಾದು ಕುಳಿತೆವು. ಸುಮಾರು ಎರಡು ಗಂಟೆ ಏನೂ ಇಲ್ಲ. ದೂರದಲ್ಲಿ ಒಂದೆರಡು ಹಂದಿಜಿಂಕೆಗಳು ತೋರಿ ಮರೆಯಾದವು. ಆಮೇಲೆ ಮಂಜು ಹರಿದು, ಹೊಂಬಣ್ಣದ ಹುಲ್ಲಿನ ನಡುವೆ ಕಂದುಗಪ್ಪಿನ ಒಂದು ಮೈ ನಿಂತಿರುವುದು ಕಾಣಿಸಿತು. ಸಂಗೈ! ಅದರ ಕೊಂಬು ಬೇರೆ ಜಿಂಕೆಗಳದರಂತಲ್ಲ. ಹುಬ್ಬಿನಿಂದ ಒಂದು ಕವಲು ಮುಂದಕ್ಕೆ ಬಾಗಿದರೆ ಮುಖ್ಯ ಕೊಂಬು ಅದೇ ರೇಖೆಯಲ್ಲಿ ಹಿಂದಕ್ಕೆ ಬಾಗಿ ಮೇಲೇರುತ್ತದೆ. ಎರಡೂ ಸೇರಿ ಒಂದೇ ಬಿಲ್ಲು. ಅದು ನಡೆಯುವಾಗ ಗೊರಸಿನ ಮೇಲಿನ ಗಂಟೂ ನೆಲಕ್ಕೆ ತಾಗಿ ಭಾರ ಹಂಚಿಹೋಗುತ್ತದೆ. ಅಲುಗುವ ನೆಲದ ಮೇಲೆ ಬಾಳಿದ್ದಕ್ಕೆ ಪ್ರಕೃತಿ ಕೊಟ್ಟ ಹೆಜ್ಜೆ ಅದು. ನೋಡುವವರಿಗೆ ಕುಣಿದಂತೆ ಕಾಣುವುದರಿಂದ ಕುಣಿಯುವ ಜಿಂಕೆ ಎಂಬ ಹೆಸರು ಬಂದಿದೆ. 'ಸ' ಎಂದರೆ ಪ್ರಾಣಿ, 'ಙೈ' ಎಂದರೆ ಕಾಯುವುದು. ಓಡುತ್ತ ಓಡುತ್ತ ನಿಂತು ಯಾರನ್ನೋ ಕಾಯುವಂತೆ ಹಿಂದಿರುಗಿ ನೋಡುತ್ತದಾದ್ದರಿಂದ ಸಂಗೈ. ಇದೂ ನನ್ನ ಮಿತ್ರರ ಪದವಿವರಣೆ, ಅಲ್ಲಿ ಎಲ್ಲರೂ ಒಪ್ಪುವಂಥದು.

ಈ ಜಿಂಕೆ ಇಲ್ಲಿಗೆ ಹೇಗೆ ಬಂತೆಂಬುದಕ್ಕೆ ಮೊಯಿರಾಂಗಿನಲ್ಲಿ ಒಂದು ಕಥೆಯುಂಟು. ಆ ಊರಿನ ಪ್ರೇಮಕಥೆಗಳೆಲ್ಲ ಒಂದೇ ಜೋಡಿಯ ಬೇರೆ ಬೇರೆ ಅವತಾರಗಳೆಂದು ಅಲ್ಲಿಯವರು ನಂಬುತ್ತಾರೆ. ಅವುಗಳಲ್ಲೊಂದು ಕಾದೆಂಗ್ ಥಾಂಗ್ಜಹಾನ್ಬ ಎಂಬ ವೀರನದು. ಅವನು ತನ್ನ ಪ್ರಿಯೆ ತೋನು ಲೈಜಿಂಗ್ಲೆಂಬಿಗೆ ಉಡುಗೊರೆಯಾಗಿ ಕೊಡಲು ತೋರ್ಬುಂಗ್ ಬಯಲಿನಿಂದ ಗರ್ಭಿಣಿಯಾದ ಸಂಗೈಯೊಂದನ್ನು ಜೀವಂತ ಹಿಡಿದು ತಂದ. ಬರುವಷ್ಟರಲ್ಲಿ ಅವಳು ಅರಸನ ಅರಮನೆ ಸೇರಿದ್ದಳು. ಉಡುಗೊರೆಯನ್ನು ಕೊಡಲು ಯಾರೂ ಇಲ್ಲದೆ, ಅವನು ಜಿಂಕೆಯನ್ನು ಕೈಬುಲ್ ಬಯಲಿನಲ್ಲಿ ಬಿಟ್ಟುಬಿಟ್ಟ. ಕೊಲ್ಲಬಹುದಾಗಿತ್ತು, ಕೊಲ್ಲಲಿಲ್ಲ. ಒಂದು ಇಡೀ ಸಂತತಿ ಮನುಷ್ಯನೊಬ್ಬನ ಭಗ್ನಪ್ರೇಮದ ಋಣದಲ್ಲಿದೆ ಎಂಬ ಈ ಕಲ್ಪನೆಗೆ ಸಾಟಿಯಾದುದನ್ನು ನಾನು ನಮ್ಮ ಜನಪದ ಕಥೆಗಳಲ್ಲಿ ಕಂಡಿಲ್ಲ.

ಕಥೆಯಿಂದ ದಾಖಲೆಗೆ ಬರೋಣ. ಮಣಿಪುರದಲ್ಲಿದ್ದ ಲೆಫ್ಟಿನೆಂಟ್ ಎಲ್ಡ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರನ್ನು ಈ ಜಿಂಕೆಗೆ ಇಟ್ಟು, 1842ರಲ್ಲಿ ಮೆಕ್ಲೆಲ್ಯಾಂಡ್ ಎಂಬಾತ ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದ. ಅದೇ ಜಾತಿಯ ಬೇರೆ ಬಳಗಗಳು ಬರ್ಮದಲ್ಲಿಯೂ ಅದರಾಚೆಗೂ ಇವೆ. ಮಣಿಪುರದ ಬಳಗ ಕಾಡಿನಲ್ಲಿ ಇಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಇಲ್ಲ.

ಆಮೇಲೆ 1881ರಲ್ಲಿ ಈ ಬೋಗುಣಿಗೆ ಇನ್ನೊಬ್ಬ ಬಂದ. ಅವನ ಹೆಸರನ್ನು ನಾವು ಶಾಲೆಯಲ್ಲಿ ಬೇರೊಂದು ಕಾರಣಕ್ಕೆ ಬಾಯಿಪಾಠ ಮಾಡಿದ್ದೇವೆ: ಅಲನ್ ಆಕ್ಟೇವಿಯನ್ ಹ್ಯೂಮ್, 1885ರಲ್ಲಿ ಕಾಂಗ್ರೆಸ್ಸನ್ನು ಸ್ಥಾಪಿಸಿದವನು. ಅದಕ್ಕೆ ಮುಂಚೆ ಅವನು ಭಾರತದ ಹಕ್ಕಿಗಳನ್ನು ಬಲ್ಲವರಲ್ಲಿ ಅಗ್ರಗಣ್ಯನಾಗಿದ್ದ. 'ಸ್ಟ್ರೇ ಫೆದರ್ಸ್' ಎಂಬ ಹಕ್ಕಿಗಳ ಪತ್ರಿಕೆಯನ್ನು 1872ರಲ್ಲಿ ಆರಂಭಿಸಿ ನಡೆಸಿದ. ಅವನ ಕೊನೆಯ ದೊಡ್ಡ ಪಕ್ಷಿಯಾತ್ರೆ ಮಣಿಪುರಕ್ಕೆ. ಇಲ್ಲಿ ದೊರೆತ ಚೆಲುವಾದ ಕಾಡುಕೋಳಿ ಜಾತಿಯ ಹಕ್ಕಿಯೊಂದಕ್ಕೆ ಹೆಂಡತಿಯ ಹೆಸರಿಟ್ಟ. ಅದು ಇಂದು ಮಣಿಪುರದ ರಾಜ್ಯಪಕ್ಷಿ. ಎತ್ತರದ ಹುಲ್ಲಿನಲ್ಲಿ ಅಡಗಿರುವ ಒಂದು ಪುಟ್ಟ ಗೌಜಲಿಗೆ ಮಣಿಪುರದ ಹೆಸರನ್ನೇ ಇಟ್ಟ. ಆ ಗೌಜಲು ಕೈಗೆ ಸಿಗಲೊಲ್ಲದಾದಾಗ ಅವನು ಇನ್ನೊಂದು ದಿನ ಅಲ್ಲಿಯೇ ಉಳಿದು, ಆಳುಗಳಿಂದ ಹುಲ್ಲಿನ ಒಂದು ದೊಡ್ಡ ಪಟ್ಟಿಯನ್ನೇ ಕೊಯ್ಯಿಸಿಬಿಟ್ಟ. ಹಕ್ಕಿ ದೊರೆಯಿತು, ಹೆಸರೂ ದೊರೆಯಿತು. ಆ ಗೌಜಲನ್ನು ಮಣಿಪುರದಲ್ಲಿ ಯಾರಾದರೂ ನಿಸ್ಸಂದೇಹವಾಗಿ ಕಂಡು ಈಗ ಹಲವು ದಶಕಗಳೇ ಆದವು. ಅದಕ್ಕೆ ಹ್ಯೂಮನ ಕುಡುಗೋಲು ಕಾರಣವೆಂದು ನಾನು ಹೇಳುತ್ತಿಲ್ಲ; ಹುಲ್ಲಿನ ಬಯಲುಗಳೇ ಗದ್ದೆಗಳಾಗಿ ಹೋದವು. ಆದರೂ ಒಂದು ಜೀವವನ್ನು ಅರಿಯುವುದಕ್ಕಾಗಿ ಅದರ ನೆಲವನ್ನು ಬೋಳಿಸಿದ ಆ ಚಿತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಹ್ಯೂಮನ ಕಥೆಯ ಉಳಿದ ಭಾಗವನ್ನೂ ಹೇಳಿಬಿಡುತ್ತೇನೆ, ಬರೆಯುವವರ ಮನಸ್ಸು ತಾಗುವಂಥದು ಅದು. ಭಾರತದ ಹಕ್ಕಿಗಳನ್ನೆಲ್ಲ ಒಳಗೊಳ್ಳುವ ಮಹಾಗ್ರಂಥಕ್ಕೆಂದು ಅವನು ವರ್ಷಗಟ್ಟಲೆ ಬರೆದಿಟ್ಟಿದ್ದ ಹಸ್ತಪ್ರತಿಗಳನ್ನು, ಅವನು ಊರಲ್ಲಿಲ್ಲದಾಗ, ಸಿಮ್ಲದ ಮನೆಯ ಸೇವಕನೊಬ್ಬ ರದ್ದಿ ಕಾಗದದ ಬೆಲೆಗೆ ಪೇಟೆಯಲ್ಲಿ ಮಾರಿಬಿಟ್ಟಿದ್ದ. ಹ್ಯೂಮನ ಆಸಕ್ತಿಯೇ ಉಡುಗಿತು. ಅರುವತ್ತು ಸಾವಿರಕ್ಕೂ ಮೀರಿದ ಹಕ್ಕಿಯ ತೊಗಲುಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟು ಕೈತೊಳೆದುಕೊಂಡ. ಓಲೆಗರಿಗಳನ್ನು ಒಲೆಗೆ ಹಾಕಿದ ಮನೆಗಳನ್ನು ಕಂಡಿರುವ ನಮ್ಮಂಥ ಅಧ್ಯಾಪಕರಿಗೆ ಆ ಸೇವಕ ತೀರ ಅಪರಿಚಿತನೇನಲ್ಲ.

ಹೆಸರು ಬಂದ ಮೇಲೆ ಜೀವಕ್ಕೆ ಒಳ್ಳೆಯ ಕಾಲ ಬರಲಿಲ್ಲ. ಬೇಟೆ ನಡೆಯಿತು, ಬಯಲು ಉಳುಮೆಗೆ ಬಂತು. 1944ರಲ್ಲಿ ಮಹಾಯುದ್ಧವೇ ಈ ಬೋಗುಣಿಗೆ ಇಳಿಯಿತು. ಆ ವರ್ಷದ ಏಪ್ರಿಲ್ 14ರಂದು ಆಜಾದ್ ಹಿಂದ್ ಫೌಜು ಭಾರತದ ನೆಲದ ಮೇಲೆ ಬಾವುಟ ಹಾರಿಸಿದ್ದು ಇದೇ ಮೊಯಿರಾಂಗಿನಲ್ಲಿ. 1949ರಲ್ಲಿ ಮಣಿಪುರ ಭಾರತದಲ್ಲಿ ವಿಲೀನವಾಯಿತು. 1951ರಲ್ಲಿ ಸಂಗೈ ಅಳಿದುಹೋಯಿತೆಂದು ವರದಿಯಾಯಿತು. ಆದರೆ 1953ರಲ್ಲಿ ಅಸ್ಸಾಮಿನ ಚಹಾ ತೋಟಗಾರನೂ ವನ್ಯಜೀವಿಗಳ ಛಾಯಾಗ್ರಾಹಕನೂ ಆಗಿದ್ದ ಇ. ಪಿ. ಜೀ ಎಂಬುವನು ಈ ತೇಲುವ ಹುಲ್ಲಿನ ನಡುವೆ ಸಂಗೈ ಬದುಕಿದೆಯೆಂದು ಹೊರಜಗತ್ತಿಗೆ ತಿಳಿಸಿದ. ಅದನ್ನು ಮರುಶೋಧವೆಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನನ್ನ ಮಿತ್ರರು ಈ ಮಾತಿಗೆ ಮುಗುಳ್ನಕ್ಕು, ತಮ್ಮ ಅಜ್ಜನಿಗೆ ಅದು ಕಳೆದುಹೋದದ್ದೇ ಗೊತ್ತಿರಲಿಲ್ಲ ಎಂದರು.

1966ರಲ್ಲಿ ಈ ಜಾಗ ಅಭಯಾರಣ್ಯವಾಯಿತು. 1975ರಲ್ಲಿ, ನಮ್ಮ ವನ್ಯಜೀವಿ ಕಾಯಿದೆಯ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದ ಎಂ. ಕೆ. ರಣಜಿತ್‌ಸಿಂಹರು ಆಕಾಶದಿಂದ ಎಣಿಕೆ ಮಾಡಿದಾಗ ಕಂಡ ಜಿಂಕೆಗಳು 14. ಹದಿನಾಲ್ಕು ಎಂದರೆ ಒಂದು ಮದುವೆಯ ಪಂಕ್ತಿಯಲ್ಲಿ ಅರ್ಧವೂ ತುಂಬದಷ್ಟು. 1977ರ ಮಾರ್ಚ್ 28ರಂದು ರಾಷ್ಟ್ರೀಯ ಉದ್ಯಾನದ ಘೋಷಣೆ ಹೊರಟಿತು. ಅಲ್ಲಿಂದ ಮುಂದೆ ಎಣಿಕೆ ಏರುತ್ತ ಹೋಯಿತು: 1995ರಲ್ಲಿ 155, 2013ರಲ್ಲಿ 204, 2016ರಲ್ಲಿ 260. ಅರಣ್ಯದ ಕಾವಲುಗಾರರು, ಅವರಿಗಿಂತ ಹೆಚ್ಚಾಗಿ ಸುತ್ತಲ ಹಳ್ಳಿಗಳ ಯುವಕರು, ಬೇಟೆ ನಿಲ್ಲಿಸಲು ಪಟ್ಟ ಶ್ರಮ ಈ ಅಂಕಿಗಳ ಹಿಂದಿದೆ. ಅದನ್ನು ಕಡಿಮೆಯೆಂದು ಯಾರೂ ಹೇಳಲಾರರು. ಭಾಷಣವನ್ನು ಇಲ್ಲಿಗೇ ನಿಲ್ಲಿಸಿದ್ದರೆ ಕೇಳುವವರಿಗೆ ಸಂತೋಷವಾಗುತ್ತಿತ್ತು. ಪ್ರವಾಸಿಗರಿಗೆ ಕೊಡುವ ಹಾಳೆಗಳು ಇಲ್ಲಿಗೇ ನಿಲ್ಲುತ್ತವೆ.

ಆದರೆ ಮರಳುವ ದಾರಿಯಲ್ಲಿ ನಮ್ಮ ಅಂಬಿಗ ತನ್ನ ಹುಟ್ಟಿನ ಕೋಲನ್ನು ಫುಮ್ದಿಯ ಅಂಚಿನಲ್ಲಿ ಚುಚ್ಚಿ ತೋರಿಸಿದ. ಕೋಲು ತುಸು ತಡೆದು, ಆಮೇಲೆ ಸರಾಗವಾಗಿ ಇಳಿದುಹೋಯಿತು. ಅವನ ತಂದೆಯ ಕಾಲದಲ್ಲಿ ಇಲ್ಲಿ ಎಮ್ಮೆ ನಿಲ್ಲುತ್ತಿತ್ತಂತೆ. ಈಗ ಮನುಷ್ಯನೂ ನಿಲ್ಲಲಾರ ಎಂಬುದಕ್ಕೆ ನಾನೇ ಸಾಕ್ಷಿಯಾಗಿದ್ದೆ.

ಇದಕ್ಕೆ ಕಾರಣವನ್ನು ತಿಳಿಯಲು ನೀರಿನ ಹಳೆಯ ನಡೆಯನ್ನು ತಿಳಿಯಬೇಕು. ಲೋಕ್ತಾಕಿಗೂ ಪಕ್ಕದಲ್ಲಿ ಹರಿಯುವ ಮಣಿಪುರ ನದಿಗೂ ನಡುವೆ ಖೋರ್ದಾಕ್ ಎಂಬ ಒಂದು ಕಾಲುವೆಯುಂಟು. ಮಳೆಗಾಲದಲ್ಲಿ ನದಿ ಉಕ್ಕಿದಾಗ ನೀರು ಕಾಲುವೆಯ ಮೂಲಕ ಸರೋವರಕ್ಕೆ ಬರುತ್ತಿತ್ತು; ಮಳೆ ನಿಂತ ಮೇಲೆ ಅದೇ ಕಾಲುವೆಯಲ್ಲಿ ಹಿಮ್ಮೊಗವಾಗಿ ಸರೋವರದಿಂದ ನದಿಗೆ ಹೋಗುತ್ತಿತ್ತು. ಉಸಿರು ಒಳಗೆ, ಉಸಿರು ಹೊರಗೆ. ಮಾಘ, ಫಾಲ್ಗುಣಗಳ ಹೊತ್ತಿಗೆ ನೀರು ತಗ್ಗಿ ಫುಮ್ದಿ ಸರೋವರದ ತಳದ ಮೇಲೆ ಕುಳಿತುಕೊಳ್ಳುತ್ತಿತ್ತು. ಆಗ ಬೇರುಗಳು ತಳದ ಕೆಸರಿಗೆ ತಾಗಿ ಸತ್ವ ಹೀರಿಕೊಂಡು, ಹೊಸ ಹುಲ್ಲು ಹೊಡೆದು, ಚಾಪೆ ದಪ್ಪವಾಗುತ್ತಿತ್ತು. ಆಷಾಢದಲ್ಲಿ ನೀರು ಬಂದಾಗ ಆ ದಪ್ಪ ಚಾಪೆಯೇ ಜಿಂಕೆಗಳನ್ನು ಹೊತ್ತುಕೊಂಡು ಮೇಲೇಳುತ್ತಿತ್ತು. ವರ್ಷದಲ್ಲಿ ಕೆಲವು ತಿಂಗಳು ಮುಳುಗಿ ತಳ ಸೇರುವುದರಿಂದಲೇ ಅದಕ್ಕೆ ತೇಲುವ ಶಕ್ತಿ.

ಉದ್ಯಾನದ ಘೋಷಣೆ ಹೊರಟ ಅದೇ ದಶಕದಲ್ಲಿ ಇನ್ನೊಂದು ಕಡೆ ಇನ್ನೊಂದು ಕೆಲಸ ನಡೆಯುತ್ತಿತ್ತು. 1983ರಲ್ಲಿ, ಕೆಳಗಡೆ ಇಥಾಯ್ ಎಂಬಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜು ಕೆಲಸ ಆರಂಭಿಸಿತು. 105 ಮೆಗಾವಾಟ್ ವಿದ್ಯುತ್ತು ಉತ್ಪಾದಿಸುವ ಯೋಜನೆ ಅದು. ಸರೋವರದ ನೀರನ್ನು ಪಡುವಣ ಬೆಟ್ಟದ ಸುರಂಗದೊಳಗೆ ಹಾಯಿಸಿ, ಮುನ್ನೂರು ಮೀಟರುಗಳಿಗೂ ಮಿಕ್ಕ ಇಳಿಜಾರಿನಲ್ಲಿ ಲೈಮಾತಾಕ್ ಕಣಿವೆಗೆ ಬೀಳಿಸುತ್ತಾರೆ. ಬರ್ಮದ ಐರಾವತಿಯ ಕಡೆಗೆ ಹೋಗಬೇಕಾಗಿದ್ದ ನೀರು ಹೀಗೆ ಬರಾಕ್ ನದಿಯ ಕಡೆಗೆ ತಿರುಗಿತು. ವಿದ್ಯುತ್ತಿಗೆ ವರ್ಷವಿಡೀ ನೀರು ಬೇಕು. ಆದ್ದರಿಂದ ಸರೋವರದ ಮಟ್ಟವನ್ನು ಸಮುದ್ರಮಟ್ಟದಿಂದ 768 ಮೀಟರುಗಳ ಆಸುಪಾಸಿನಲ್ಲಿ ಬೇಸಗೆಯಲ್ಲಿಯೂ ಹಿಡಿದು ನಿಲ್ಲಿಸಲಾಯಿತು. ಉಸಿರನ್ನು ಒಳಗೆಳೆದ ಸರೋವರ ಹೊರಗೆ ಬಿಡದಂತಾಯಿತು. ಫುಮ್ದಿ ತಳಕ್ಕೆ ಇಳಿಯಲಿಲ್ಲ. ಬೇರುಗಳಿಗೆ ಮಣ್ಣು ಸಿಕ್ಕಲಿಲ್ಲ. ಚಾಪೆ ವರ್ಷದಿಂದ ವರ್ಷಕ್ಕೆ ತೆಳ್ಳಗಾಯಿತು. ಒಂದು ಕ್ವಿಂಟಲ್ ತೂಗುವ ಗಂಡು ಜಿಂಕೆಗೆ ಮೀಟರಿನಷ್ಟಾದರೂ ದಪ್ಪದ ನೆಲ ಬೇಕು.

1990ರಲ್ಲಿ ಲೋಕ್ತಾಕ್ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯಾಗಿ ರಾಮ್ಸಾರ್ ಪಟ್ಟಿ ಸೇರಿತು. ಮೂರೇ ವರ್ಷಗಳಲ್ಲಿ, 1993ರಲ್ಲಿ, ಅಪಾಯದಲ್ಲಿರುವ ಜೌಗುಭೂಮಿಗಳ ಮಾಂತ್ರೋ ದಾಖಲೆಯನ್ನೂ ಸೇರಿತು. ವಿಜ್ಞಾನಿಗಳು ಫುಮ್ದಿಯ ದಪ್ಪವನ್ನು ಅಳೆದು ಎಚ್ಚರಿಸಿಯೇ ಇದ್ದಾರೆ. ಆದರೆ ನಮ್ಮ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ತಲೆಗಳ ಲೆಕ್ಕ. 14 ಇದ್ದದ್ದು 260 ಆಯಿತೆಂಬುದು ಒಂದು ಸಾಲಿನಲ್ಲಿ ಹಿಡಿಯುತ್ತದೆ. ಚಾಪೆ ಎಷ್ಟು ಅಂಗುಲ ತೆಳುವಾಯಿತೆಂಬುದು ಯಾವ ತಲೆಬರಹಕ್ಕೂ ಒಗ್ಗದು. ತಲೆ ಹೆಚ್ಚುತ್ತ ನೆಲ ಕರಗುವುದೂ ಸಾಧ್ಯವೆಂಬುದನ್ನು ನಾನು ಕಲಿತದ್ದು ಪಾಬೋಟಿನ ಗೋಪುರದ ಮೇಲಲ್ಲ, ಆ ಅಂಬಿಗನ ಕೋಲಿನ ತುದಿಯಲ್ಲಿ.

ಕರಗಿದ್ದು ಜಿಂಕೆಯ ನೆಲ ಮಾತ್ರವಲ್ಲ. ಸರೋವರದಂಚಿನ ತಗ್ಗುಗದ್ದೆಗಳು ನೀರಿನಡಿಗೆ ಹೋದವು. ಐರಾವತಿಯ ಕಡೆಯಿಂದ ನದಿಯನ್ನೇರಿ ಬರುತ್ತಿದ್ದ ಮೀನುಗಳಿಗೆ ಬ್ಯಾರೇಜು ಬಾಗಿಲು ಮುಚ್ಚಿತು. ಮಣಿಪುರದ ಹಬ್ಬದೂಟದ ಮೀನಾದ ಪೆಂಗ್ಬಾ ಲೋಕ್ತಾಕಿಗೆ ತಾನಾಗಿ ಬರುವುದು ನಿಂತೇಹೋಗಿ, ಇಂದು ಸಾಕುಕೊಳಗಳಲ್ಲಿ ಬೆಳೆಯಬೇಕಾಗಿದೆ. ಗದ್ದೆ ಕಳೆದುಕೊಂಡವರಲ್ಲಿ ಅನೇಕರು ಮೀನುಗಾರರಾದರು. ಫುಮ್ದಿಯನ್ನು ಕತ್ತರಿಸಿ ಬಳೆಯಂತೆ ಸುತ್ತಿ ಮೀನು ಹಿಡಿದರು. ತೇಲುವ ಚಾಪೆಯ ಮೇಲೆಯೇ ಗುಡಿಸಲು ಕಟ್ಟಿ ಬಾಳಿದರು. ಕೊನೆಗೆ ಸರೋವರವನ್ನು ಕೆಡಿಸುತ್ತಿರುವವರು ಇವರೇ ಎಂದಾಯಿತು. 2006ರಲ್ಲಿ ಸರೋವರ ರಕ್ಷಣೆಯ ಕಾಯಿದೆ ಬಂತು. 2011ರ ನವೆಂಬರಿನಲ್ಲಿ ಅದರ ಹೆಸರಿನಲ್ಲಿ ನೂರಾರು ತೇಲುಗುಡಿಸಲುಗಳನ್ನು ಸುಡಲಾಯಿತು. ಮಣಿಪುರದ ನಿರ್ದೇಶಕ ಹಾವೊಬಾಮ್ ಪಬನ್ ಕುಮಾರ್ ಅವರ 'ಲೋಕ್ತಾಕ್ ಲೈರೆಂಬಿ' ಎಂಬ ಚಲನಚಿತ್ರ ಈ ಬೆಂಕಿಯ ನೆರಳಿನಲ್ಲಿ ಹುಟ್ಟಿದ್ದು. ಅಲ್ಲಿಯ ಗುಡಿಸಲಿನ ದೀಪ ಸಣ್ಣದು. ಸರೋವರದ ವಿದ್ಯುತ್ತು ಎಲ್ಲಿಗೆಲ್ಲಿಗೋ ಹೋಗುತ್ತದೆ.

ಈ ವಿಷಯದಲ್ಲಿ ನನಗೆ ತಟಸ್ಥನಾಗಿರುವುದು ಕಷ್ಟ, ಕಾರಣವನ್ನು ಹೇಳಿಬಿಡಬೇಕು. ನಾನು ಮಲೆನಾಡಿನವನು. ನಮ್ಮ ತಂದೆಯ ಅಡಕೆಯ ತೋಟ ಒಂದು ಜಲಾಶಯದ ಹಿನ್ನೀರಿನಡಿಗೆ ಹೋದಾಗ ನಾನು ತೊಟ್ಟಿಲಿನ ಮಗು. ನಾನು ಓದಿದ್ದು ಆ ನೀರಿನಿಂದಲೇ ಬಂದ ವಿದ್ಯುದ್ದೀಪದ ಕೆಳಗೆ. ಹೀಗಾಗಿ ದೀಪವನ್ನು ಶಪಿಸುವ ಅಧಿಕಾರ ನನಗಿಲ್ಲ. ಮುಳುಗಿದ ಗದ್ದೆಯವನ ಮಾತಿಗೆ ಕಿವಿ ಮುಚ್ಚುವ ಮನಸ್ಸೂ ಇಲ್ಲ. ಇಥಾಯಿನ ಬಾಗಿಲುಗಳನ್ನು ಬೇಸಗೆಯಲ್ಲಿ ಕೆಲವು ವಾರಗಳಾದರೂ ತೆರೆದು ಫುಮ್ದಿಗೆ ತಳ ಮುಟ್ಟಲು ಬಿಡಬೇಕೆಂದು ಅಲ್ಲಿಯವರು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. ಅದು ವಿದ್ಯುತ್ತನ್ನು ಬಿಟ್ಟುಕೊಡಿರೆಂಬ ಕೋರಿಕೆಯಲ್ಲ. ಸ್ವಲ್ಪ ಕಡಿಮೆ ಮಾಡಿಕೊಳ್ಳಿರೆಂಬ ಕೋರಿಕೆ. ನನಗೆ ಅದು ನ್ಯಾಯವೆಂದೇ ಕಾಣುತ್ತದೆ.

ಅಂದು ಸಂಜೆ ಮೊಯಿರಾಂಗಿನ ಪೇಟೆಯಲ್ಲಿ ಮುದುಕಿಯೊಬ್ಬಳು ಎಳೆಯ ಜೊಂಡಿನ ದಂಟುಗಳ ಕಟ್ಟನ್ನು ಮಾರುತ್ತಿದ್ದಳು. ಇಶಿಂಗ್ ಕಾಂಬೋಂಗ್ ಎಂದು ಅದರ ಹೆಸರು. ಫುಮ್ದಿಯ ಮೇಲೆ ಬೆಳೆಯುವ ಕಾಡುಭತ್ತದ ಜಾತಿಯ ಹುಲ್ಲು. ಸಂಗೈಗೂ ಅದೇ ಪ್ರಿಯವಾದ ಮೇವು. ಮಿತ್ರರ ಮನೆಯಲ್ಲಿ ಅದನ್ನು ಸಣ್ಣಗೆ ಹೆಚ್ಚಿ, ಮೆಣಸಿನಕಾಯಿ ಬೆರೆಸಿ ಬಡಿಸಿದರು. ಬೆಳಗ್ಗೆ ದುರ್ಬೀನಿನಲ್ಲಿ ಜಿಂಕೆ ಮೇಯುವುದನ್ನು ನೋಡಿದವನು ರಾತ್ರಿ ಅದೇ ಹುಲ್ಲನ್ನು ತಟ್ಟೆಯಲ್ಲಿಟ್ಟುಕೊಂಡು ಕುಳಿತಿದ್ದೆ. ತಂಪಾಗಿ, ಗರಿಗರಿಯಾಗಿ, ತುಸು ಸಿಹಿಯಾಗಿತ್ತು.

ಮತ್ತೊಮ್ಮೆ ಹೋಗಬೇಕೆಂದು ಆಸೆಯಿತ್ತು. ನಿವೃತ್ತಿಯ ನಂತರ ಹೋಗೋಣವೆಂದು ದಿನ ತಳ್ಳಿದೆ. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಹೊತ್ತಿಕೊಂಡ ಹಿಂಸಾಚಾರದ ಮೊದಲ ಸುದ್ದಿಗಳಲ್ಲಿಯೇ ತೋರ್ಬುಂಗ್ ಎಂಬ ಹೆಸರನ್ನು ಓದಿದಾಗ ನನ್ನ ಕೈ ತಡೆಯಿತು. ವೀರನೊಬ್ಬನು ಜಿಂಕೆಯನ್ನು ಜೀವಂತ ಹಿಡಿದು ತಂದನೆಂದು ಕಥೆ ಹೇಳುವ ಬಯಲು ಅದೇ. ಆ ದಿನಗಳಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಮಿತ್ರರಿಗೆ ದೂರವಾಣಿ ಸಿಗಲಿಲ್ಲ. ಬಹಳ ತಿಂಗಳುಗಳ ಮೇಲೆ, ಒಂದು ಚಳಿಗಾಲದ ರಾತ್ರಿ, ಅವರೇ ಕರೆದರು. ಮನೆಮಂದಿಯೆಲ್ಲ ಕ್ಷೇಮವೆಂದರು. ಸಂಬಂಧಿಕರ ಮನೆಯೊಂದು ಸುಟ್ಟುಹೋಗಿದೆಯೆಂದರು. ಅಂಥ ಹೊತ್ತಿನಲ್ಲಿ ಜಿಂಕೆಯ ವಿಷಯ, ಹಕ್ಕಿಯ ವಿಷಯ ಎತ್ತಲು ನನಗೆ ನಾಲಗೆ ಏಳಲಿಲ್ಲ. ಸುಮ್ಮನಿದ್ದೆ. ಕೊನೆಯಲ್ಲಿ ಅವರೇ, ಈ ವರ್ಷ ಬಾತುಗಳು ಬಂದಿವೆ, ರಾತ್ರಿ ಮಲಗಿದಲ್ಲಿಗೇ ಅವುಗಳ ಸಿಳ್ಳು ಕೇಳಿಸುತ್ತದೆ ಎಂದರು. ಸರೋವರದಲ್ಲಿ ನೀರು ಎಷ್ಟಿದೆಯೆಂದು ಕೇಳಿದೆ. ತುಂಬಿಯೇ ಇದೆ ಎಂದರು.